ರಕ್ತದಲ್ಲಿ ಸೀಸ, ಕೂದಲಲ್ಲಿ ಆರ್ಸೆನಿಕ್: ದೇಹದೊಳಗಿನ ಲೋಹ ಅಳೆಯುವುದು ಹೇಗೆ? ರಿಪೋರ್ಟ್ ಓದುವುದು ಹೇಗೆ?

ಹೈದರಾಬಾದ್: 2020ರ ಡಿಸೆಂಬರ್ ಮೊದಲ ವಾರ. ಆಂಧ್ರಪ್ರದೇಶದ ಏಲೂರು ಪಟ್ಟಣದಲ್ಲಿ ಜನ ಇದ್ದಕ್ಕಿದ್ದಂತೆ ಕುಸಿದು ಬೀಳತೊಡಗಿದರು. ಕೆಲವರಿಗೆ ಫಿಟ್ಸ್, ಕೆಲವರಿಗೆ ವಾಂತಿ, ತಲೆಸುತ್ತು. ಕೆಲವೇ ದಿನಗಳಲ್ಲಿ ಆಸ್ಪತ್ರೆಗೆ ಬಂದವರ ಸಂಖ್ಯೆ 600 ದಾಟಿತು. ಕೊರೊನಾ ಕಾಲವಾದ್ದರಿಂದ ಎಲ್ಲರೂ ಮೊದಲು ಅನುಮಾನಿಸಿದ್ದು ವೈರಸ್ಸನ್ನೇ. ಆದರೆ ಕಾರಣ ಅದಾಗಿರಲಿಲ್ಲ.

ರೋಗಿಗಳ ರಕ್ತ, ಕುಡಿಯುವ ನೀರು, ಅಕ್ಕಿ, ತರಕಾರಿ, ಹಾಲಿನ ಸ್ಯಾಂಪಲ್‌ಗಳು ದೇಶದ ಹಲವು ಲ್ಯಾಬ್‌ಗಳಿಗೆ ಹೋದವು. ಅದರಲ್ಲಿ ಹೈದರಾಬಾದ್‌ನ ಪಾಲು ದೊಡ್ಡದು. ತಾರ್ನಾಕದಲ್ಲಿರುವ ರಾಷ್ಟ್ರೀಯ ಪೋಷಣಾ ಸಂಸ್ಥೆ, ಅಂದರೆ ಎನ್‌ಐಎನ್ ತಂಡ ಏಲೂರಿಗೇ ಹೋಗಿ ಸ್ಯಾಂಪಲ್ ಸಂಗ್ರಹಿಸಿತು. ಇತ್ತ ದೆಹಲಿಯ ಏಮ್ಸ್ ಪರೀಕ್ಷೆಯಲ್ಲಿ ಕೆಲವು ರೋಗಿಗಳ ರಕ್ತದಲ್ಲಿ ಸೀಸ ಮತ್ತು ನಿಕಲ್ ಪತ್ತೆಯಾದವು. 'ಏಲೂರು ನಿಗೂಢ ಕಾಯಿಲೆಗೆ ಸೀಸವೇ ಕಾರಣ' ಎಂಬ ಸುದ್ದಿ ದೇಶಾದ್ಯಂತ ಹರಡಿತು.

ಆದರೆ ಡಿಸೆಂಬರ್ ಮಧ್ಯದ ಹೊತ್ತಿಗೆ ತಜ್ಞರು ರಾಜ್ಯ ಸರ್ಕಾರಕ್ಕೆ ಹೇಳಿದ್ದು ಬೇರೆ ಮಾತು. ಕೀಟನಾಶಕದ ಅಂಶವೇ ಮುಖ್ಯ ಕಾರಣವಾಗಿರುವ ಸಾಧ್ಯತೆ ಹೆಚ್ಚು, ಅದು ಜನರ ದೇಹ ಸೇರಿದ ದಾರಿ ಯಾವುದೆಂದು ತಿಳಿಯಲು ಇನ್ನಷ್ಟು ಅಧ್ಯಯನ ಬೇಕು ಎಂದರು.

ಹಾಗಾದರೆ ರಕ್ತದಲ್ಲಿ ಸಿಕ್ಕ ಸೀಸ ಸುಳ್ಳೇ? ಅಲ್ಲ. ಸೀಸ ಇತ್ತು. ಆದರೆ ಲೋಹ ಸಿಕ್ಕಿದೆ ಎನ್ನುವುದು ಒಂದು ಮಾತು, ಅದೇ ಕಾಯಿಲೆಗೆ ಕಾರಣ ಎನ್ನುವುದು ಇನ್ನೊಂದು ಮಾತು. ಮನುಷ್ಯರ ಮತ್ತು ಪ್ರಾಣಿಗಳ ದೇಹದಲ್ಲಿ ಲೋಹಗಳನ್ನು ಅಳೆಯುವುದು ಹೇಗೆ, ಯಾವ ಸ್ಯಾಂಪಲ್ ಏನು ಹೇಳುತ್ತದೆ, ರಿಪೋರ್ಟ್‌ನಲ್ಲಿರುವ ಸಂಖ್ಯೆಯನ್ನು ಹೇಗೆ ಅರ್ಥ ಮಾಡಿಕೊಳ್ಳಬೇಕು? ಇಲ್ಲಿದೆ ಸಂಪೂರ್ಣ ವಿವರ.

ವಿಷಕಾರಿ ಲೋಹ ಯಾವುದು, ಸೂಕ್ಷ್ಮ ಧಾತು ಯಾವುದು?

ದೇಹಕ್ಕೆ ಅತಿ ಕಡಿಮೆ ಪ್ರಮಾಣದಲ್ಲಿ ಬೇಕಾದ ಧಾತುಗಳಿವೆ. ಕಬ್ಬಿಣ, ಸತು, ತಾಮ್ರ, ಅಯೋಡಿನ್, ಸೆಲೆನಿಯಂ, ಮ್ಯಾಂಗನೀಸ್, ಮಾಲಿಬ್ಡಿನಂ ಈ ಪಟ್ಟಿಯಲ್ಲಿ ಬರುತ್ತವೆ. ಇವು ಕಡಿಮೆಯಾದರೂ ಕಷ್ಟ, ಹೆಚ್ಚಾದರೂ ಕಷ್ಟ. ಉದಾಹರಣೆಗೆ, ದೇಶದಲ್ಲಿ 2016ರಿಂದ 2018ರವರೆಗೆ ನಡೆದ ಸಮಗ್ರ ರಾಷ್ಟ್ರೀಯ ಪೋಷಣಾ ಸಮೀಕ್ಷೆಯ ಪ್ರಕಾರ 1ರಿಂದ 4 ವರ್ಷದ ಮಕ್ಕಳಲ್ಲಿ ಶೇ. 19ರಷ್ಟು, ಹದಿಹರೆಯದವರಲ್ಲಿ ಶೇ. 32ರಷ್ಟು ಮಂದಿಗೆ ಸತುವಿನ ಕೊರತೆ ಇದೆ.

ಇನ್ನೊಂದು ಗುಂಪು ಸೀಸ, ಪಾದರಸ, ಕ್ಯಾಡ್ಮಿಯಂ ಮತ್ತು ಆರ್ಸೆನಿಕ್‌ನದು. ಮನುಷ್ಯನ ದೇಹದಲ್ಲಿ ಇವುಗಳಿಗೆ ಯಾವ ಕೆಲಸವೂ ಇಲ್ಲ. ಸೀಸದ ವಿಷಯದಲ್ಲಂತೂ ಇಷ್ಟಿದ್ದರೆ ಅಪಾಯವಿಲ್ಲ ಎನ್ನಬಹುದಾದ ಮಟ್ಟವೇ ಗೊತ್ತಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ಎರಡೂ ಗುಂಪುಗಳನ್ನು ಅಳೆಯುವ ಯಂತ್ರಗಳು ಬಹುತೇಕ ಒಂದೇ. ಒಂದು ಗುಂಪು ಇನ್ನೊಂದರ ಮೇಲೆ ಪ್ರಭಾವವನ್ನೂ ಬೀರುತ್ತದೆ. ಕಬ್ಬಿಣ ಮತ್ತು ಕ್ಯಾಲ್ಸಿಯಂ ಕೊರತೆ ಇರುವ ಮಗುವಿನ ಕರುಳು ಸೀಸವನ್ನು ಹೆಚ್ಚಾಗಿ ಹೀರಿಕೊಳ್ಳುತ್ತದೆ. ಅಂದರೆ ರಕ್ತಹೀನತೆ ಇರುವ ಬಡ ಮಕ್ಕಳಿಗೇ ಸೀಸದ ಹೊಡೆತ ಹೆಚ್ಚು.

ಹೈದರಾಬಾದ್ ಏಕೆ ಮುಖ್ಯ?

ಈ ಕೆಲಸಕ್ಕೆ ಬೇಕಾದ ಸಂಸ್ಥೆಗಳು ಈ ಒಂದೇ ನಗರದಲ್ಲಿ ಹಲವಿವೆ.

* ಎನ್‌ಐಎನ್: 1918ರಲ್ಲಿ ನೀಲಗಿರಿಯ ಕೂನೂರಿನಲ್ಲಿ ರಾಬರ್ಟ್ ಮೆಕ್‌ಕ್ಯಾರಿಸನ್ ಆರಂಭಿಸಿದ ಸಣ್ಣ ಬೆರಿಬೆರಿ ಸಂಶೋಧನಾ ಘಟಕವೇ ಇದರ ಮೂಲ. 1958ರಲ್ಲಿ ಹೈದರಾಬಾದ್‌ಗೆ ಸ್ಥಳಾಂತರವಾಯಿತು. 1969ರಲ್ಲಿ ಈಗಿನ ಹೆಸರು ಬಂತು. ಆಹಾರದಲ್ಲಿ ಮತ್ತು ದೇಹದಲ್ಲಿ ಪೋಷಕಾಂಶ, ವಿಷಾಂಶಗಳ ಅಧ್ಯಯನ ಇಲ್ಲಿ ನಡೆಯುತ್ತದೆ.
* ಎನ್‌ಜಿಆರ್‌ಐ: ಉಪ್ಪಲ್‌ನ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆ. ಕಲ್ಲು, ಮಣ್ಣು, ನೀರಿನ ಲೋಹ ವಿಶ್ಲೇಷಣೆಯಲ್ಲಿ ದಶಕಗಳ ಅನುಭವ ಇದಕ್ಕಿದೆ.
* ಐಐಸಿಟಿ: ತಾರ್ನಾಕದಲ್ಲೇ ಇರುವ ಭಾರತೀಯ ರಾಸಾಯನಿಕ ತಂತ್ರಜ್ಞಾನ ಸಂಸ್ಥೆ. ಏಲೂರು ಸ್ಯಾಂಪಲ್‌ಗಳು ಇಲ್ಲಿಗೂ ಬಂದಿದ್ದವು.
* ಎನ್‌ಸಿಸಿಸಿಎಂ: ಇಸಿಐಎಲ್ ಪ್ರದೇಶದಲ್ಲಿರುವ, ಭಾಭಾ ಅಣು ಸಂಶೋಧನಾ ಕೇಂದ್ರದ ಘಟಕ. ವಸ್ತುಗಳಲ್ಲಿ ಅತ್ಯಲ್ಪ ಪ್ರಮಾಣದ ಧಾತುಗಳನ್ನು ಅಳೆಯುವುದೇ ಇದರ ಕೆಲಸ.

ಅಳೆಯಬೇಕಾದ ಸಮಸ್ಯೆಗಳೂ ನಗರದ ಸುತ್ತಲೇ ಇವೆ. ಒಂದು ಕಡೆ ನಲ್ಗೊಂಡದ ಫ್ಲೋರೈಡ್ ನೀರು, ಇನ್ನೊಂದು ಕಡೆ ಪಟಾನ್‌ಚೆರುವಿನ ಕೈಗಾರಿಕಾ ತ್ಯಾಜ್ಯ, ಮಧ್ಯದಲ್ಲಿ ಕೊಳಚೆ ಹೊತ್ತು ಹರಿಯುವ ಮೂಸಿ ನದಿ.

ಮೊದಲು ದನಗಳು, ಆಮೇಲೆ ಮನುಷ್ಯರು

ದೇಹದೊಳಗಿನ ವಿಷದ ಸುಳಿವು ಎಷ್ಟೋ ಸಲ ಮೊದಲು ಸಿಗುವುದು ಪ್ರಾಣಿಗಳಲ್ಲಿ. ಫ್ಲೋರೈಡ್ ಲೋಹವಲ್ಲ, ಆದರೂ ಈ ಮಾತಿಗೆ ಅದಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ.

1930ರ ದಶಕದಲ್ಲಿ ಆಂಧ್ರದ ರೈತರು ತಮ್ಮ ಎತ್ತುಗಳ ಕೀಲು ಬಿಗಿದು, ಅವು ನಡೆಯಲಾಗದೆ ನಿಲ್ಲುವುದನ್ನು ಗಮನಿಸಿದ್ದರು. ಹಳೆಯ ಹೈದರಾಬಾದ್ ಸಂಸ್ಥಾನದ ಕೆಲವು ಭಾಗಗಳಲ್ಲಿ ದನಗಳಿಗೆ ಇಂಥದ್ದೇ ಕಾಯಿಲೆ ಇದೆ ಎಂಬ ವರದಿ 1934ರಲ್ಲೇ ಬಂದಿತ್ತು. ಇಂದಿನ ಬೀದರ್, ಕಲಬುರಗಿ, ರಾಯಚೂರು ಪ್ರದೇಶಗಳೂ ಆಗ ಇದೇ ನಿಜಾಮ್ ಸಂಸ್ಥಾನದಲ್ಲಿದ್ದವು. ಮನುಷ್ಯರಲ್ಲಿ ಕಾಣಿಸಿಕೊಂಡ ಈ ಕಾಯಿಲೆ ಫ್ಲೋರೋಸಿಸ್ ಎಂದು ಗುರುತಾಗಿದ್ದು 1937ರಲ್ಲಿ, ನೆಲ್ಲೂರು ಜಿಲ್ಲೆಯಲ್ಲಿ ಶಾರ್ಟ್ ಮತ್ತು ಸಂಗಡಿಗರ ಅಧ್ಯಯನದಿಂದ.

ನಲ್ಗೊಂಡದಲ್ಲಿ ಕಥೆ ಇನ್ನೂ ಮುಂದುವರಿಯಿತು. ಅಲ್ಲಿನ ಹದಿಹರೆಯದವರಲ್ಲಿ ಮೊಣಕಾಲುಗಳು ಒಳಕ್ಕೆ ಬಾಗಿ ಒಂದಕ್ಕೊಂದು ತಾಗುವ ತೊಂದರೆ ಕಾಣಿಸಿಕೊಂಡಿತು. ಎನ್‌ಐಎನ್‌ನ ಕೆ.ಎ.ವಿ.ಆರ್. ಕೃಷ್ಣಮಾಚಾರಿ ಮತ್ತು ಕಮಲಾ ಕೃಷ್ಣಸ್ವಾಮಿ 1973ರಲ್ಲಿ ಇದನ್ನು 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ವಿವರಿಸಿದರು. ನೀರಿನಲ್ಲಿ ಮೊದಲಿನಿಂದಲೂ ಫ್ಲೋರೈಡ್ ಇದ್ದರೂ ಈ ಹೊಸ ರೂಪ ಎಲ್ಲಿಂದ ಬಂತು ಎಂಬುದು ಪ್ರಶ್ನೆಯಾಗಿತ್ತು.

ಉತ್ತರ ಹುಡುಕಲು ಸಂಸ್ಥೆಯ ವಿಜ್ಞಾನಿಗಳು ಜೋಳ, ಸಜ್ಜೆ, ಅಕ್ಕಿಯಲ್ಲಿರುವ ತಾಮ್ರ, ಸತು, ಮಾಲಿಬ್ಡಿನಂ ಅಳೆದರು. ತೊಂದರೆ ಇದ್ದ ಊರುಗಳ ಜೋಳದಲ್ಲಿ ಮಾಲಿಬ್ಡಿನಂ ಹೆಚ್ಚು, ತಾಮ್ರ ಕಡಿಮೆ ಎಂಬುದು ಕಂಡುಬಂತು. ನಾಗಾರ್ಜುನ ಸಾಗರ ಅಣೆಕಟ್ಟೆಯ ನಂತರ ಸುತ್ತಲಿನ ಅಂತರ್ಜಲ ಮಟ್ಟ ಏರಿ ಮಣ್ಣಿನ ಕ್ಷಾರಗುಣ ಬದಲಾಗಿದ್ದು, ಇದರಿಂದ ಬೆಳೆಗಳು ಮಾಲಿಬ್ಡಿನಂ ಹೆಚ್ಚು ಹೀರಿರಬಹುದು ಎಂಬುದು ಅವರ ವಿವರಣೆ. ಕರ್ನಾಟಕದ ಹೊಸಪೇಟೆ ಸುತ್ತಮುತ್ತ, ಅಂದರೆ ತುಂಗಭದ್ರಾ ಅಣೆಕಟ್ಟೆ ಪ್ರದೇಶದಿಂದಲೂ ಇಂಥ ಪ್ರಕರಣಗಳು ವರದಿಯಾದವು.

ಕುಡಿಯುವ ನೀರನ್ನು ಮಾತ್ರ ಪರೀಕ್ಷಿಸಿದ್ದರೆ ಈ ಸಂಬಂಧ ಗೊತ್ತಾಗುತ್ತಲೇ ಇರಲಿಲ್ಲ. ನೀರಿನ ಜೊತೆ ತಟ್ಟೆಯಲ್ಲಿದ್ದ ರೊಟ್ಟಿಯನ್ನೂ ಅಳೆದಿದ್ದರಿಂದ ಗೊತ್ತಾಯಿತು.

ಜಪಾನಿನ ಮಿನಮಾಟದಲ್ಲೂ ಹೀಗೇ ಆಗಿತ್ತು. 1956ರಲ್ಲಿ ಅಲ್ಲಿ ಪಾದರಸದ ವಿಷಬಾಧೆ ಮನುಷ್ಯರಲ್ಲಿ ಅಧಿಕೃತವಾಗಿ ದಾಖಲಾಗುವ ಮೊದಲೇ ಮೀನು ತಿಂದ ಬೆಕ್ಕುಗಳು ಕುಣಿದಾಡಿ ಸಾಯುವುದನ್ನು ಜನ ನೋಡಿದ್ದರು. ಮುಂದೆ ಸಂಶೋಧಕರು ತಾಯಂದಿರು ಜೋಪಾನವಾಗಿ ಇಟ್ಟುಕೊಂಡಿದ್ದ ಮಕ್ಕಳ ಒಣಗಿದ ಹೊಕ್ಕುಳಬಳ್ಳಿಗಳನ್ನು ಪರೀಕ್ಷಿಸಿ, ಆ ಮಕ್ಕಳು ಗರ್ಭದಲ್ಲಿದ್ದಾಗ ಎಷ್ಟು ಪಾದರಸಕ್ಕೆ ತುತ್ತಾಗಿದ್ದರು ಎಂಬುದನ್ನು ಲೆಕ್ಕಹಾಕಿದರು.

ಮೂಸಿ ದಂಡೆಯ ಹುಲ್ಲು, ಪಟಾನ್‌ಚೆರುವಿನ ಹಾಲು

ಅನಂತಗಿರಿ ಬೆಟ್ಟದಲ್ಲಿ ಹುಟ್ಟುವ ಮೂಸಿ ನದಿ ಹೈದರಾಬಾದ್ ದಾಟುವಷ್ಟರಲ್ಲಿ ನಗರದ ಕೊಳಚೆಯನ್ನೆಲ್ಲ ಹೊತ್ತಿರುತ್ತದೆ. ಆ ನೀರಿನಲ್ಲೇ ದಂಡೆಯ ರೈತರು ಭತ್ತ, ಸೊಪ್ಪು ಮತ್ತು ಪ್ಯಾರಾ ಹುಲ್ಲು ಬೆಳೆಯುತ್ತಾರೆ. ಈ ಹುಲ್ಲು ನಗರದ ಎಮ್ಮೆಗಳ ಮೇವು. ಎಮ್ಮೆಯ ಹಾಲು ನಗರದ ಮನೆಗಳಿಗೆ. ಹೀಗೆ ನಗರದಿಂದ ಹೊರಹೋದದ್ದು ನಗರಕ್ಕೇ ವಾಪಸ್ ಬರಬಹುದು.

ಈ ಸರಪಳಿಯನ್ನು ವಿಜ್ಞಾನಿಗಳು ಕೊಂಡಿ ಕೊಂಡಿಯಾಗಿ ಅಳೆದಿದ್ದಾರೆ. 2008ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಕೊಳಚೆ ನೀರಿನ ಜಮೀನುಗಳ ಮಣ್ಣು, ಮೇವಿನ ಹುಲ್ಲು, ದನಗಳ ಹಾಲು ಮತ್ತು ತರಕಾರಿ ಎಲ್ಲವನ್ನೂ ಪರೀಕ್ಷಿಸಲಾಯಿತು. ಹೆಚ್ಚು ಚಿಂತೆಗೆ ಕಾರಣವಾದದ್ದು ಪಾಲಕ್, ದಂಟಿನಂಥ ಸೊಪ್ಪುಗಳು. ಎಲೆ ತರಕಾರಿಗಳು ಸಾಮಾನ್ಯವಾಗಿ ಲೋಹವನ್ನು ಹೆಚ್ಚು ಸಂಗ್ರಹಿಸುತ್ತವೆ.

ಪಟಾನ್‌ಚೆರುವಿನ ಕಥೆ ಇನ್ನೂ ಹಳೆಯದು. ಕೈಗಾರಿಕೆಗಳಿಂದ ನಕ್ಕವಾಗು ಹಳ್ಳಕ್ಕೆ ಸೇರುತ್ತಿದ್ದ ತ್ಯಾಜ್ಯದ ವಿರುದ್ಧ 1990ರಲ್ಲೇ ಸುಪ್ರೀಂ ಕೋರ್ಟ್‌ಗೆ ಅರ್ಜಿ ಸಲ್ಲಿಕೆಯಾಗಿತ್ತು. ಆ ಪ್ರದೇಶದ ಆರ್ಸೆನಿಕ್ ಬಗ್ಗೆ 2003ರಲ್ಲಿ ಪ್ರಕಟವಾದ ಹೈದರಾಬಾದ್ ವಿಜ್ಞಾನಿಗಳ ಅಧ್ಯಯನ ಮಣ್ಣು ಮತ್ತು ನೀರಿನಲ್ಲೇ ನಿಲ್ಲಲಿಲ್ಲ. ಮೇವು, ಹಾಲು, ಕೊನೆಗೆ ನಿವಾಸಿಗಳ ರಕ್ತ, ಮೂತ್ರ, ಕೂದಲು, ಉಗುರಿನವರೆಗೂ ಹೋಯಿತು. ಮಣ್ಣಿನಲ್ಲಿ ವಿಷ ಇದೆ ಎಂದಷ್ಟೇ ಹೇಳಿದರೆ ಯಾರಿಗಾದರೂ ಹಾನಿ ಆಗಿದೆಯೇ ಎಂಬ ಪ್ರಶ್ನೆ ಉಳಿಯುತ್ತದೆ. ಆ ವಿಷ ದೇಹದೊಳಗೆ ಸೇರಿದೆ ಎಂದು ತೋರಿಸುವುದು ಇಂಥ ಅಳತೆಗಳೇ.

ಯಾವ ಸ್ಯಾಂಪಲ್ ಏನು ಹೇಳುತ್ತದೆ?

ಎಲ್ಲ ಲೋಹಕ್ಕೂ ರಕ್ತ ಪರೀಕ್ಷೆ ಸಾಕು ಎಂದುಕೊಳ್ಳುವವರೇ ಹೆಚ್ಚು. ಆದರೆ ಒಂದೊಂದು ಲೋಹ ದೇಹದ ಒಂದೊಂದು ಕಡೆ ಉಳಿಯುತ್ತದೆ.

* ಸೀಸ: ಇಡೀ ರಕ್ತದಲ್ಲಿ ಅಳೆಯಬೇಕು, ಸೀರಂನಲ್ಲಿ ಅಲ್ಲ. ಸೀಸದ ಬಹುಪಾಲು ಇರುವುದು ಕೆಂಪು ರಕ್ತಕಣಗಳಲ್ಲಿ. ರಕ್ತದಲ್ಲಿ ಅದರ ಅರ್ಧಾಯುಷ್ಯ ಸುಮಾರು ಒಂದು ತಿಂಗಳು. ಮೂಳೆ ಸೇರಿದರೆ ದಶಕಗಟ್ಟಲೆ ಉಳಿಯುತ್ತದೆ. ಗರ್ಭಿಣಿಯ ಮೂಳೆಯಿಂದ ಕ್ಯಾಲ್ಸಿಯಂ ಕರಗುವಾಗ ಹಳೆಯ ಸೀಸವೂ ಹೊರಬಂದು ಮಗುವನ್ನು ತಲುಪಬಹುದು.
* ಆರ್ಸೆನಿಕ್: ರಕ್ತದಲ್ಲಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಇತ್ತೀಚಿನ ಸೇವನೆ ತಿಳಿಯಲು ಮೂತ್ರ, ತಿಂಗಳುಗಳ ಸೇವನೆ ತಿಳಿಯಲು ಕೂದಲು ಮತ್ತು ಉಗುರು. ಮೂತ್ರ ಕೊಡುವ ಮುನ್ನ ನಾಲ್ಕೈದು ದಿನ ಮೀನು, ಸಿಗಡಿ ತಿನ್ನಬಾರದು. ಸಮುದ್ರ ಆಹಾರದಲ್ಲಿರುವ ಆರ್ಸೆನಿಕ್‌ನ ಬಹುಪಾಲು ಹಾನಿಕಾರಕ ರೂಪದ್ದಲ್ಲ. ಆದರೆ ಒಟ್ಟು ಲೆಕ್ಕದಲ್ಲಿ ಸೇರಿ ಸಂಖ್ಯೆಯನ್ನು ಏರಿಸುತ್ತದೆ.
* ಪಾದರಸ: ಮೀನಿನಿಂದ ಬರುವ ಮೀಥೈಲ್ ಪಾದರಸಕ್ಕೆ ರಕ್ತ ಅಥವಾ ಕೂದಲು. ಥರ್ಮಾಮೀಟರ್, ಚಿನ್ನದ ಕೆಲಸದ ಆವಿಯಿಂದ ಬರುವ ಪಾದರಸಕ್ಕೆ ಮೂತ್ರ. ಕೂದಲು ತಿಂಗಳಿಗೆ ಸುಮಾರು 1 ಸೆಂ.ಮೀ. ಬೆಳೆಯುವುದರಿಂದ ಅದನ್ನು ತುಂಡು ತುಂಡಾಗಿ ಪರೀಕ್ಷಿಸಿದರೆ ಯಾವ ತಿಂಗಳು ಎಷ್ಟು ಎಂದೂ ಹೇಳಬಹುದು.
* ಕ್ಯಾಡ್ಮಿಯಂ: ಮೂತ್ರಪಿಂಡದಲ್ಲಿ 10ರಿಂದ 30 ವರ್ಷ ಉಳಿಯುತ್ತದೆ. ಮೂತ್ರ ಹಳೆಯ ಲೆಕ್ಕ ಹೇಳಿದರೆ, ರಕ್ತ ಇತ್ತೀಚಿನದ್ದನ್ನು ಹೇಳುತ್ತದೆ. ಧೂಮಪಾನಿಗಳಲ್ಲಿ ಇದು ಸಹಜವಾಗಿಯೇ ಹೆಚ್ಚಿರುತ್ತದೆ.
* ಸತು: ಸೀರಂನಲ್ಲಿ ಅಳೆಯುತ್ತಾರೆ. ಜ್ವರ, ಸೋಂಕು ಇದ್ದಾಗ ಸೀರಂ ಸತು ತಾನಾಗಿಯೇ ಇಳಿಯುತ್ತದೆ. ರಕ್ತಕಣ ಒಡೆದರೆ ಏರುತ್ತದೆ. ಹೀಗಾಗಿ ಸಂಖ್ಯೆಯೊಂದನ್ನೇ ನೋಡಿ ಕೊರತೆ ಎನ್ನಲಾಗದು.
* ಫ್ಲೋರೈಡ್: ಮೂತ್ರ ಮತ್ತು ಕುಡಿಯುವ ನೀರು ಎರಡನ್ನೂ ಒಟ್ಟಿಗೆ ಪರೀಕ್ಷಿಸಬೇಕು. ವಿಶೇಷ ಎಲೆಕ್ಟ್ರೋಡ್ ಬಳಸಿ ಕಡಿಮೆ ಖರ್ಚಿನಲ್ಲಿ ಅಳೆಯಬಹುದು. ಭಾರತೀಯ ಮಾನಕದ ಪ್ರಕಾರ ನೀರಿನಲ್ಲಿ 1 ಲೀಟರ್‌ಗೆ 1 ಮಿಲಿಗ್ರಾಂ ಸ್ವೀಕಾರಾರ್ಹ. ಬೇರೆ ಮೂಲವಿಲ್ಲದಿದ್ದರೆ 1.5 ಮಿಲಿಗ್ರಾಂವರೆಗೆ ಅವಕಾಶವಿದೆ.

ಲ್ಯಾಬ್‌ನೊಳಗೆ ಏನಾಗುತ್ತದೆ?

ಮೊದಲ ಸವಾಲು ಯಂತ್ರದ್ದಲ್ಲ, ಧೂಳಿನದು. ವಯಸ್ಕರ ದೇಹದಲ್ಲಿ ಸುಮಾರು 5 ಲೀಟರ್ ರಕ್ತ ಇರುತ್ತದೆ. ಒಂದು ಡೆಸಿಲೀಟರ್‌ಗೆ 5 ಮೈಕ್ರೋಗ್ರಾಂ ಸೀಸ ಎಂದರೆ ಇಡೀ ರಕ್ತದಲ್ಲಿ ಇರುವುದು ಕಾಲು ಮಿಲಿಗ್ರಾಂ ಮಾತ್ರ, ಒಂದು ಸಕ್ಕರೆ ಹರಳಿಗಿಂತ ಕಡಿಮೆ ತೂಕ. ಕೈಗೆ ಅಂಟಿದ ಧೂಳು, ಸಾಮಾನ್ಯ ಟ್ಯೂಬ್‌ನ ರಬ್ಬರ್ ಮುಚ್ಚಳ, ಶುದ್ಧವಲ್ಲದ ಆಮ್ಲ ಯಾವುದಾದರೂ ಫಲಿತಾಂಶವನ್ನು ಕೆಡಿಸಬಲ್ಲದು. ಅದಕ್ಕಾಗಿಯೇ ಲೋಹ ಪರೀಕ್ಷೆಗೆ ಕಡುನೀಲಿ ಮುಚ್ಚಳದ ವಿಶೇಷ ಟ್ಯೂಬ್‌ಗಳಿವೆ. ಬೆರಳ ತುದಿಯಿಂದ ರಕ್ತ ತೆಗೆಯುವಾಗ ಕೈಯನ್ನು ಸೋಪಿನಿಂದ ಚೆನ್ನಾಗಿ ತೊಳೆಯಲೇಬೇಕು. ಬೆರಳಿನ ರಕ್ತದಲ್ಲಿ ಸೀಸ ಹೆಚ್ಚು ಬಂದರೆ ನರದಿಂದ ರಕ್ತ ತೆಗೆದು ಮತ್ತೆ ಖಚಿತಪಡಿಸಿಕೊಳ್ಳುವುದು ನಿಯಮ.

ಮುಖ್ಯವಾಗಿ ಬಳಕೆಯಲ್ಲಿರುವ ವಿಧಾನಗಳು ಮೂರು.

ಮೊದಲನೆಯದು ಪರಮಾಣು ಹೀರಿಕೆ ವಿಧಾನ, ಲ್ಯಾಬ್ ಭಾಷೆಯಲ್ಲಿ ಎಎಎಸ್. ಸ್ಯಾಂಪಲ್ ಬಿಸಿ ಮಾಡಿ ಪರಮಾಣುಗಳಾಗಿ ಒಡೆದು, ಅದರ ಮೂಲಕ ಬೆಳಕು ಹಾಯಿಸುತ್ತಾರೆ. ಪ್ರತಿ ಧಾತುವೂ ತನ್ನದೇ ಆದ ಬಣ್ಣದ ಬೆಳಕನ್ನು ಹೀರುತ್ತದೆ. ಎಷ್ಟು ಹೀರಿತು ಎಂಬುದೇ ಎಷ್ಟು ಲೋಹ ಇದೆ ಎಂಬುದರ ಲೆಕ್ಕ. ಸಾಮಾನ್ಯವಾಗಿ ಒಂದು ಸಲಕ್ಕೆ ಒಂದೇ ಲೋಹ.

ಎರಡನೆಯದು ಐಸಿಪಿ-ಎಂಎಸ್. ಇದರಲ್ಲಿ ಆರ್ಗಾನ್ ಅನಿಲದ ಪ್ಲಾಸ್ಮಾ ಜ್ವಾಲೆ ಸೂರ್ಯನ ಮೇಲ್ಮೈಗಿಂತಲೂ ಬಿಸಿ ಇರುತ್ತದೆ. ಅದರಲ್ಲಿ ಅಯಾನುಗಳಾದ ಧಾತುಗಳನ್ನು ತೂಕದ ಆಧಾರದ ಮೇಲೆ ಬೇರ್ಪಡಿಸಿ ಎಣಿಸಲಾಗುತ್ತದೆ. ಒಂದೇ ಸ್ಯಾಂಪಲ್‌ನಲ್ಲಿ ಹತ್ತಾರು ಧಾತುಗಳನ್ನು ಕೆಲವೇ ನಿಮಿಷದಲ್ಲಿ ಅಳೆಯಬಹುದು. ಆದರೆ ಇದಕ್ಕೂ ಮೋಸ ಆಗಬಹುದು. ಉಪ್ಪಿನಲ್ಲಿರುವ ಕ್ಲೋರಿನ್ ಆರ್ಗಾನ್ ಜೊತೆ ಸೇರಿದರೆ ಅದರ ತೂಕ ಆರ್ಸೆನಿಕ್‌ನಷ್ಟೇ, ಅಂದರೆ 75. ಈ ಗೊಂದಲ ನಿವಾರಿಸುವ ವ್ಯವಸ್ಥೆ ಬಳಸದಿದ್ದರೆ ಇಲ್ಲದ ಆರ್ಸೆನಿಕ್ ರಿಪೋರ್ಟ್‌ನಲ್ಲಿ ಕಾಣಿಸಿಕೊಳ್ಳುತ್ತದೆ.

ಮೂರನೆಯದು ಕೈಯಲ್ಲಿ ಹಿಡಿದೊಯ್ಯಬಹುದಾದ ಯಂತ್ರಗಳು. ಬೆರಳ ತುದಿಯ ರಕ್ತದಲ್ಲಿ ಸೀಸ ಅಳೆಯುವ ಪುಟ್ಟ ಸಾಧನ ಮತ್ತು ಗೋಡೆಯ ಬಣ್ಣ, ಪಾತ್ರೆ, ಮಣ್ಣಿನ ಸೀಸ ತೋರಿಸುವ ಎಕ್ಸ್-ರೇ ಗನ್ ಈ ಗುಂಪಿನವು. ಮೊದಲ ಹಂತದ ತಪಾಸಣೆಗೆ ಇವು ಉಪಯುಕ್ತ.

ಯಾವುದೇ ವಿಧಾನವಾಗಲಿ, ಉತ್ತರ ಮೊದಲೇ ಗೊತ್ತಿರುವ ಪ್ರಮಾಣಿತ ಸ್ಯಾಂಪಲ್‌ಗಳನ್ನು ರೋಗಿಯ ಸ್ಯಾಂಪಲ್‌ಗಳ ನಡುವೆ ಓಡಿಸಿ ಯಂತ್ರ ಸರಿಯಾಗಿ ಹೇಳುತ್ತಿದೆಯೇ ಎಂದು ನೋಡಬೇಕು. ಒಳ್ಳೆಯ ಲ್ಯಾಬ್ ಯಾವುದು ಎಂದು ತಿಳಿಯುವುದು ಇದರಿಂದಲೇ.

ಸೀಸದ ಸಂಖ್ಯೆ: ಎಷ್ಟಿದ್ದರೆ ಚಿಂತೆ?

1990ರ ದಶಕದ ಕೊನೆಯಲ್ಲಿ ಬೆಂಗಳೂರಿನ ಜಾರ್ಜ್ ಫೌಂಡೇಶನ್ ದೇಶದ ಏಳು ನಗರಗಳಲ್ಲಿ ರಕ್ತದ ಸೀಸವನ್ನು ಅಳೆಸಿತು. ಬೆಂಗಳೂರು, ಹೈದರಾಬಾದ್ ಎರಡೂ ಪಟ್ಟಿಯಲ್ಲಿದ್ದವು. ಪರೀಕ್ಷೆಗೊಳಗಾದ 12 ವರ್ಷದೊಳಗಿನ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯ ರಕ್ತದಲ್ಲಿ ಡೆಸಿಲೀಟರ್‌ಗೆ 10 ಮೈಕ್ರೋಗ್ರಾಂಗಿಂತ ಹೆಚ್ಚು ಸೀಸ ಇತ್ತು. ಈ ಕೆಲಸದ ಮುಂಚೂಣಿಯಲ್ಲಿದ್ದವರು ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಜೀವರಸಾಯನ ಪ್ರಾಧ್ಯಾಪಕ ಡಾ. ತುಪ್ಪಿಲ್ ವೆಂಕಟೇಶ್. 'ಭಾರತದ ಲೆಡ್ ಮ್ಯಾನ್' ಎಂದೇ ಅವರು ಹೆಸರಾದರು. 2000ದಲ್ಲಿ ದೇಶದಲ್ಲಿ ಸೀಸಯುಕ್ತ ಪೆಟ್ರೋಲ್ ನಿಂತಿತು. 2017ರ ನವೆಂಬರ್‌ನಿಂದ ಮನೆಗೆ ಬಳಿಯುವ ಬಣ್ಣದಲ್ಲಿ ಸೀಸದ ಮಿತಿ 90 ಪಿಪಿಎಂಗೆ ಇಳಿಯಿತು.

ಹಾಗೆಂದು ಸಮಸ್ಯೆ ಮುಗಿದಿಲ್ಲ. ಯುನಿಸೆಫ್ ಮತ್ತು ಪ್ಯೂರ್ ಅರ್ಥ್ 2020ರಲ್ಲಿ ಹೊರತಂದ ವರದಿಯ ಅಂದಾಜಿನಂತೆ ಜಗತ್ತಿನ ಸುಮಾರು 80 ಕೋಟಿ ಮಕ್ಕಳ ರಕ್ತದಲ್ಲಿ 5 ಮೈಕ್ರೋಗ್ರಾಂ ಅಥವಾ ಅದಕ್ಕಿಂತ ಹೆಚ್ಚು ಸೀಸವಿದೆ. ಅದರಲ್ಲಿ 27.5 ಕೋಟಿ ಮಕ್ಕಳು ಭಾರತದವರು. ಹಳೆ ಬ್ಯಾಟರಿ ಕರಗಿಸುವ ಸಣ್ಣ ಘಟಕಗಳು, ಕಲಬೆರಕೆ ಅರಿಶಿನ, ಕೆಲವು ಸುರ್ಮಾ ಮತ್ತು ಕಾಡಿಗೆ, ಬಣ್ಣದ ಆಟಿಕೆ, ಹೊಳಪು ಲೇಪಿಸಿದ ಮಣ್ಣಿನ ಪಾತ್ರೆ, ಕೆಲವು ಭಸ್ಮ ಔಷಧಗಳು ಈಗಿನ ಮೂಲಗಳು.

ಈಗ ಬಳಕೆಯಲ್ಲಿರುವ ಅಳತೆಗೋಲುಗಳು ಹೀಗಿವೆ. ಎಲ್ಲವೂ ಪ್ರತಿ ಡೆಸಿಲೀಟರ್ ರಕ್ತಕ್ಕೆ.

* 3.5 ಮೈಕ್ರೋಗ್ರಾಂ: ಅಮೆರಿಕದ ಸಿಡಿಸಿ 2021ರಲ್ಲಿ ಮಕ್ಕಳಿಗೆ ನಿಗದಿಪಡಿಸಿದ ಉಲ್ಲೇಖ ಮಟ್ಟ. ಇದು ಸುರಕ್ಷಿತ ಮಿತಿ ಅಲ್ಲ. ಬೇರೆ ಮಕ್ಕಳಿಗಿಂತ ಹೆಚ್ಚಿದೆ, ಗಮನ ಕೊಡಿ ಎಂಬ ಸೂಚನೆ.
* 5 ಮೈಕ್ರೋಗ್ರಾಂ: ಈ ಮಟ್ಟ ಮುಟ್ಟಿದರೆ ಸೀಸ ಎಲ್ಲಿಂದ ಬರುತ್ತಿದೆ ಎಂದು ಹುಡುಕಿ ತಡೆಯಬೇಕು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ 2021ರ ಮಾರ್ಗಸೂಚಿ.
* 45 ಮೈಕ್ರೋಗ್ರಾಂ: ಮಕ್ಕಳಲ್ಲಿ ಸೀಸವನ್ನು ಹೊರಹಾಕುವ ಕೀಲೇಷನ್ ಚಿಕಿತ್ಸೆಯನ್ನು ಸಾಮಾನ್ಯವಾಗಿ ಆರಂಭಿಸುವ ಮಟ್ಟ.

ರಿಪೋರ್ಟ್‌ನಲ್ಲಿ ಯೂನಿಟ್ ಯಾವುದು ಎಂದು ನೋಡುವುದು ಮುಖ್ಯ. ಡೆಸಿಲೀಟರ್‌ಗೆ 5 ಮೈಕ್ರೋಗ್ರಾಂ ಎನ್ನುವುದೂ ಲೀಟರ್‌ಗೆ 50 ಮೈಕ್ರೋಗ್ರಾಂ ಎನ್ನುವುದೂ ಒಂದೇ. ಇದು ಗೊತ್ತಿಲ್ಲದೆ ಗಾಬರಿಯಾಗುವ ಪೋಷಕರಿದ್ದಾರೆ, ನಿಜವಾಗಿ ಹೆಚ್ಚಿದ್ದರೂ ಸುಮ್ಮನಿರುವವರೂ ಇದ್ದಾರೆ.

ಕರ್ನಾಟಕದ ಕಿರದಳ್ಳಿ ತಾಂಡಾ ಕಥೆ

ಕರ್ನಾಟಕದಲ್ಲಿ ಇಂಥ ಅಳತೆ ಎಷ್ಟು ಮುಖ್ಯ ಎಂಬುದಕ್ಕೆ ಯಾದಗಿರಿ ಜಿಲ್ಲೆಯ ಕಿರದಳ್ಳಿ ತಾಂಡಾ ಸಾಕ್ಷಿ. ಮಂಗಳೂರು ಎಂಬ ಹೆಸರಿನ ಹಳೆಯ ಚಿನ್ನದ ಗಣಿಗೆ ಹತ್ತಿರವಿರುವ ಊರಿದು. ಕರಾವಳಿಯ ಮಂಗಳೂರಿಗೂ ಇದಕ್ಕೂ ಸಂಬಂಧವಿಲ್ಲ. ಇಲ್ಲಿನ ಜನರ ಅಂಗೈ, ಅಂಗಾಲುಗಳಲ್ಲಿ ಗಂಟು, ಮೈಮೇಲೆ ಕಪ್ಪು ಚುಕ್ಕೆ ಕಾಣಿಸಿಕೊಂಡಿದ್ದವು.

2013ರಲ್ಲಿ ಪ್ರಕಟವಾದ ದೀಪಂಕರ್ ಚಕ್ರವರ್ತಿ ಮತ್ತು ಸಂಗಡಿಗರ ಅಧ್ಯಯನದ ಪ್ರಕಾರ ಪ್ರದೇಶದ 59 ಕೊಳವೆಬಾವಿಗಳ ಪೈಕಿ ಶೇ. 79ರಲ್ಲಿ ಆರ್ಸೆನಿಕ್ ಲೀಟರ್‌ಗೆ 10 ಮೈಕ್ರೋಗ್ರಾಂ ಮಿತಿಯನ್ನು ಮೀರಿತ್ತು. ಒಂದು ಕಡೆ 303ಕ್ಕೆ ಏರಿತ್ತು. 171 ಜನರ ಕೂದಲು ಮತ್ತು ಉಗುರು ಪರೀಕ್ಷಿಸಿದಾಗ ಎಲ್ಲರಲ್ಲೂ ಆರ್ಸೆನಿಕ್ ಹೆಚ್ಚಿತ್ತು. ತಪಾಸಣೆಗೊಳಗಾದ 181 ಜನರಲ್ಲಿ ಶೇ. 58.6ರಷ್ಟು ಮಂದಿಯ ಚರ್ಮದಲ್ಲಿ ಆರ್ಸೆನಿಕ್ ಲಕ್ಷಣಗಳಿದ್ದವು. ಗಣಿ ತ್ಯಾಜ್ಯದ ಮಣ್ಣು ವಸತಿ ಪ್ರದೇಶದಲ್ಲಿ ಹರಡಿಕೊಂಡಿದ್ದೂ ಬೆಳಕಿಗೆ ಬಂತು.

ಇಲ್ಲಿ ನೀರು, ಮಣ್ಣು, ಕೂದಲು, ಉಗುರು, ಚರ್ಮದ ಲಕ್ಷಣ ಎಲ್ಲವೂ ಒಂದೇ ದಿಕ್ಕಿಗೆ ಬೆರಳು ತೋರಿಸಿದವು. ಏಲೂರಿನಲ್ಲಿ ಸೀಸದ ವಿಷಯದಲ್ಲಿ ಹಾಗೆ ಆಗಲಿಲ್ಲ. ಎರಡು ಪ್ರಕರಣಗಳ ನಡುವಿನ ವ್ಯತ್ಯಾಸ ಇದೇ.

ದನಕರುಗಳಲ್ಲಿ ಅಳೆಯುವುದು ಹೇಗೆ?

ಹಸುವಿನ ಹಾಲಿನಲ್ಲಿ ಲೋಹ ಇಲ್ಲ ಎಂದ ಮಾತ್ರಕ್ಕೆ ಹಸು ಸುರಕ್ಷಿತ ಎನ್ನಲಾಗದು. ಕ್ಯಾಡ್ಮಿಯಂ ಹಾಲಿಗೆ ಬರುವುದು ತೀರಾ ಕಡಿಮೆ, ಮೂತ್ರಪಿಂಡ ಮತ್ತು ಯಕೃತ್ತಿನಲ್ಲೇ ಉಳಿಯುತ್ತದೆ. ತಾಮ್ರದ ವಿಷಯದಲ್ಲಿ ಯಕೃತ್ತಿನ ಉಗ್ರಾಣ ಖಾಲಿಯಾಗುವವರೆಗೂ ರಕ್ತದ ಅಳತೆ ಸರಿಯಾಗೇ ಕಾಣುತ್ತದೆ. ಹಾಗಾಗಿ ಕಸಾಯಿಖಾನೆಯಲ್ಲಿ ಸಿಗುವ ಯಕೃತ್ತು, ಮೂತ್ರಪಿಂಡದ ಸ್ಯಾಂಪಲ್‌ಗಳೇ ಆ ಪ್ರದೇಶದ ನಿಜವಾದ ಚಿತ್ರ ಕೊಡುತ್ತವೆ. ಹಾಲಿನಲ್ಲಿ ಸೀಸಕ್ಕೆ ಅಂತಾರಾಷ್ಟ್ರೀಯ ಕೋಡೆಕ್ಸ್ ಮಿತಿ ಕೆ.ಜಿ.ಗೆ 0.02 ಮಿಲಿಗ್ರಾಂ.

ಮೇವಿನಲ್ಲಿ ಮಾಲಿಬ್ಡಿನಂ ಹೆಚ್ಚಾದರೆ ಮೆಲುಕು ಹಾಕುವ ಪ್ರಾಣಿಗಳ ಹೊಟ್ಟೆಯಲ್ಲಿ ಅದು ಗಂಧಕದ ಜೊತೆ ಸೇರಿ ತಾಮ್ರವನ್ನು ಕಟ್ಟಿಹಾಕುತ್ತದೆ. ಮೇವಿನಲ್ಲಿ ತಾಮ್ರ ಇದ್ದರೂ ದೇಹಕ್ಕೆ ಸಿಗುವುದಿಲ್ಲ. ಕೂದಲು ಬಣ್ಣಗೆಡುವುದು, ಭೇದಿ, ಬೆದೆಗೆ ಬಾರದಿರುವುದು ಇದರ ಲಕ್ಷಣಗಳು. ಬೆಂಗಳೂರಿನ ಆಡುಗೋಡಿಯಲ್ಲಿರುವ ರಾಷ್ಟ್ರೀಯ ಪ್ರಾಣಿ ಪೋಷಣೆ ಮತ್ತು ಶರೀರಕ್ರಿಯಾ ಸಂಸ್ಥೆ ಆಯಾ ಪ್ರದೇಶದ ಮಣ್ಣು ಮತ್ತು ಮೇವಿನ ಕೊರತೆಗೆ ತಕ್ಕಂತೆ ಖನಿಜ ಮಿಶ್ರಣ ರೂಪಿಸುವ ಕೆಲಸ ಮಾಡಿದೆ. ರೈತರು ಸಿಕ್ಕಿದ ಮಿಶ್ರಣ ಕೊಡುವ ಬದಲು ತಮ್ಮ ಪ್ರದೇಶಕ್ಕೆ ಯಾವುದು ಸೂಕ್ತ ಎಂದು ಪಶುವೈದ್ಯರನ್ನು ಕೇಳುವುದು ಒಳ್ಳೆಯದು.

ಇನ್ನು ಹಳೆ ಬ್ಯಾಟರಿಯನ್ನು ಕೊಟ್ಟಿಗೆಯ ಬಳಿ ಬಿಸಾಡುವುದು ಅತಿ ಅಪಾಯ. ದನಗಳು ಅದನ್ನು ನೆಕ್ಕುತ್ತವೆ. ದನಗಳಲ್ಲಿ ಸೀಸದ ವಿಷಬಾಧೆಗೆ ಜಗತ್ತಿನಾದ್ಯಂತ ಇದು ಸಾಮಾನ್ಯ ಕಾರಣ.

ಎಚ್ಚರ: ಇಂಥ ಪರೀಕ್ಷೆಗಳಿಗೆ ಮರುಳಾಗಬೇಡಿ

ಒಂದು ಹಿಡಿ ಕೂದಲು ಕಳುಹಿಸಿ, ದೇಹದ 30 ಖನಿಜಗಳ ಲೆಕ್ಕ ಹೇಳುತ್ತೇವೆ ಎಂಬ ಜಾಹೀರಾತುಗಳಿವೆ. 2001ರಲ್ಲಿ ಅಮೆರಿಕದಲ್ಲಿ ಒಬ್ಬರೇ ಆರೋಗ್ಯವಂತ ವ್ಯಕ್ತಿಯ ಕೂದಲನ್ನು ಆರು ವಾಣಿಜ್ಯ ಲ್ಯಾಬ್‌ಗಳಿಗೆ ಕಳುಹಿಸಿದಾಗ ಹಲವು ಖನಿಜಗಳ ಫಲಿತಾಂಶದಲ್ಲಿ 10 ಪಟ್ಟಿಗೂ ಹೆಚ್ಚು ವ್ಯತ್ಯಾಸ ಬಂದಿತ್ತು. ತಲೆಹೊಟ್ಟಿನ ಕೆಲವು ಶಾಂಪೂಗಳಲ್ಲೇ ಸೆಲೆನಿಯಂ ಇರುತ್ತದೆ. ಬಣ್ಣ ಹಚ್ಚಿದ ಕೂದಲಿಂದಲೂ ತಪ್ಪು ಸಂಖ್ಯೆ ಬರಬಹುದು. ಕಿರದಳ್ಳಿಯಂಥ ಕಡೆ ಊರಿನ ಅನೇಕರ ಕೂದಲನ್ನು ಸರಿಯಾಗಿ ತೊಳೆದು, ನೀರಿನ ಜೊತೆ ಹೋಲಿಸಿ ನೋಡುವುದು ಬೇರೆ, ಒಬ್ಬರ ಕೂದಲು ನೋಡಿ ಔಷಧ ಮಾರುವುದು ಬೇರೆ.

ಮೊದಲು ಕೀಲೇಷನ್ ಔಷಧ ಕೊಟ್ಟು ಆಮೇಲೆ ಮೂತ್ರ ಪರೀಕ್ಷಿಸಿ 'ನೋಡಿ, ಎಷ್ಟು ವಿಷ ಇದೆ' ಎನ್ನುವುದು ಇನ್ನೊಂದು ತಂತ್ರ. ಈ ಔಷಧ ಯಾರಿಗೆ ಕೊಟ್ಟರೂ ಮೂತ್ರದಲ್ಲಿ ಲೋಹ ಏರುತ್ತದೆ. ಅಮೆರಿಕದ ವೈದ್ಯಕೀಯ ವಿಷಶಾಸ್ತ್ರ ತಜ್ಞರ ಸಂಘಟನೆ ಈ ಪರೀಕ್ಷೆಗೆ ವೈಜ್ಞಾನಿಕ ಆಧಾರವಿಲ್ಲ ಎಂದು ಸ್ಪಷ್ಟಪಡಿಸಿದೆ. ಅನಗತ್ಯ ಕೀಲೇಷನ್ ದೇಹಕ್ಕೆ ಬೇಕಾದ ಸತು, ತಾಮ್ರವನ್ನೂ ಹೊರಹಾಕುತ್ತದೆ.

ಪರೀಕ್ಷೆ ಮಾಡಿಸುವ ಮುನ್ನ ಈ 6 ಪ್ರಶ್ನೆ ಕೇಳಿ

1. ಪರೀಕ್ಷೆ ಏಕೆ ಬೇಕು? ಬ್ಯಾಟರಿ, ಬಣ್ಣ, ಬೆಸುಗೆ ಕೆಲಸ, ಗಣಿ ಪ್ರದೇಶ, ಭಸ್ಮ ಔಷಧ ಸೇವನೆಯಂಥ ಕಾರಣ ಇದೆಯೇ?
2. ಆ ಲೋಹಕ್ಕೆ ಸರಿಯಾದ ಸ್ಯಾಂಪಲ್ ರಕ್ತವೇ, ಮೂತ್ರವೇ?
3. ಲೋಹ ಪರೀಕ್ಷೆಯ ವಿಶೇಷ ಟ್ಯೂಬ್ ಬಳಸುತ್ತಿದ್ದಾರೆಯೇ?
4. ಲ್ಯಾಬ್‌ಗೆ ಆ ನಿರ್ದಿಷ್ಟ ಪರೀಕ್ಷೆಗೆ ಎನ್‌ಎಬಿಎಲ್ ಮಾನ್ಯತೆ ಇದೆಯೇ?
5. ರಿಪೋರ್ಟ್‌ನಲ್ಲಿ ಯೂನಿಟ್ ಯಾವುದು? ಹೋಲಿಸಿದ ಮಟ್ಟ ಯಾವುದು?
6. ಹೆಚ್ಚು ಬಂದರೆ ಮನೆಯ ಇತರರನ್ನೂ, ನೀರು ಮತ್ತು ಆಹಾರವನ್ನೂ ಪರೀಕ್ಷಿಸುವವರು ಯಾರು?

ಈ ಆರರಲ್ಲಿ ಕೊನೆಯ ಪ್ರಶ್ನೆಯೇ ಹೆಚ್ಚು ಮುಖ್ಯ. ರಕ್ತದಲ್ಲಿ ಸೀಸ ಹೆಚ್ಚಿರುವ ಮಗುವಿಗೆ ಮೊದಲ ಚಿಕಿತ್ಸೆ ಮಾತ್ರೆ ಅಲ್ಲ, ಸೀಸ ಬರುತ್ತಿರುವ ಮೂಲವನ್ನು ಪತ್ತೆಹಚ್ಚಿ ನಿಲ್ಲಿಸುವುದು. ಕಬ್ಬಿಣ, ಕ್ಯಾಲ್ಸಿಯಂ ಇರುವ ಊಟ ಅದರ ಜೊತೆಗಿರಬೇಕು. ಮೂಲ ಹಾಗೇ ಉಳಿದರೆ ಚಿಕಿತ್ಸೆ ಮುಗಿಸಿ ಮನೆಗೆ ಮರಳಿದ ಮಗುವಿನ ರಕ್ತದಲ್ಲಿ ಸೀಸ ಮತ್ತೆ ಏರುತ್ತದೆ.